ಹೆಸರಿಲ್ಲದ ಶೀಶೆ

ಹಲವು ವರ್ಷಗಳ ಹಿಂದೆ ಕಾಲೇಜೊಂದರ ಸ್ವಚ್ಛತಾ ಕೆಲಸದ ತಾಯಿಯೊಬ್ಬರು ಅಂಗೈ ಸುಟ್ಟುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ‘ಏನು ತಾಗಿತಮ್ಮ?’ ಎಂದು ಕೇಳಿದೆ. ‘ಸೀಸೆ ಮೇಲೆ ಏನೂ ಬರೆದಿರ್ಲಿಲ್ಲ ಸ್ವಾಮಿ’ ಎಂದರು. ತಾಗಿದ್ದೇನೆಂದು ತಿಳಿಯದೆ ವೈದ್ಯನಾದರೂ ಏನು ಮಾಡಿಯಾನು?

ಇಂತಹ ಮರೆವು ಪ್ರಾಣವನ್ನೂ ತೆಗೆಯಬಲ್ಲದು. 2010ರ ಫೆಬ್ರವರಿಯಲ್ಲಿ ದೆಹಲಿ ವಿಶ್ವವಿದ್ಯಾಲಯವು 1985ರಿಂದ ಬಳಕೆಯಲ್ಲಿರದ ಉಪಕರಣವೊಂದನ್ನು ಹರಾಜು ಹಾಕಿತು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣ ಧಾತುವಿತ್ತು. ಅದನ್ನರಿಯದೆ ಮಾಯಾಪುರಿಯ ಗುಜರಿ ಅಂಗಡಿಗಳಲ್ಲಿ ಅದನ್ನು ಬಿಚ್ಚಿದರು. ಹಲವರು ಅಸ್ವಸ್ಥರಾದರು, ಏಪ್ರಿಲ್‌ನಲ್ಲಿ ಕಾರ್ಮಿಕನೊಬ್ಬನು ಅಸುನೀಗಿದನು. ವಿದ್ಯಾಮಂದಿರದ ಮರೆವಿಗೆ ಶ್ರಮಜೀವಿಯು ಬೆಲೆ ತೆತ್ತನು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಾಲೇಜುಗಳಲ್ಲಿಯೂ ನಮ್ಮ ಮಕ್ಕಳು ಓದುತ್ತಿದ್ದಾರೆ. ರಸಾಯನಶಾಸ್ತ್ರದ ಪ್ರಯೋಗಾಲಯವೆಂದಮೇಲೆ ಆಮ್ಲ, ಕ್ಷಾರ, ದ್ರಾವಕಗಳು ಇದ್ದೇ ಇರುತ್ತವೆ. ಬಳಸಿ ಉಳಿದುದನ್ನು ಬಚ್ಚಲಿಗೆ ಸುರಿದರೆ ಅದು ಚರಂಡಿಯ ಮೂಲಕ ಹೊಳೆಯನ್ನು ಸೇರಬಹುದು. ಮಾಗಡಿ ಸೀಮೆಯ ಮಂಚನಬೆಲೆಯಿಂದ ರಾಮನಗರ, ಕನಕಪುರಗಳನ್ನು ಹಾಯ್ದು ಸಂಗಮದಲ್ಲಿ ಕಾವೇರಿಯನ್ನು ಕೂಡುವ ಅರ್ಕಾವತಿಯು ನಮ್ಮೆಲ್ಲರದು.

ದ್ರವ್ಯದ ಹೆಸರು, ಗುಣ, ದೋಷಗಳನ್ನರಿಯದೆ ಅದನ್ನು ಮುಟ್ಟಬಾರದೆಂಬುದು ಆಯುರ್ವೇದ ವಿದ್ಯಾರ್ಥಿಯ ಮೊದಲ ಪಾಠ. ತ್ಯಾಜ್ಯಕ್ಕೂ ಅದೇ ಪಥ್ಯ ಸಲ್ಲುತ್ತದೆ:

ಪ್ರತಿಯೊಂದು ಶೀಶೆಯ ಮೇಲೆ ಒಳಗಿರುವ ವಸ್ತುವಿನ ಹೆಸರು, ಅದರ ಅಪಾಯ ಮತ್ತು ದಿನಾಂಕವನ್ನು ಕನ್ನಡದಲ್ಲಿಯೂ ಬರೆಯಬೇಕು.

ಬೇರೆ ಬೇರೆ ತ್ಯಾಜ್ಯಗಳನ್ನು ಒಂದೇ ಪಾತ್ರೆಗೆ ಸುರಿಯಬಾರದು. ಬ್ಲೀಚಿಂಗ್ ಪುಡಿಗೆ ಆಮ್ಲ ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಹೊಮ್ಮುತ್ತದೆ. ಮನೆಯ ಶೌಚಾಲಯ ತೊಳೆಯುವಾಗಲೂ ಈ ಎಚ್ಚರವಿರಲಿ.

ಥರ್ಮಾಮೀಟರ್ ಒಡೆದು ಪಾದರಸ ಚೆಲ್ಲಿದರೆ ಪೊರಕೆಯಿಂದ ಗುಡಿಸಬಾರದು. ಕಿಟಕಿ ತೆರೆದು, ಕೈಗವಸು ತೊಟ್ಟು, ಗಟ್ಟಿ ಕಾಗದದಿಂದ ಹನಿಗಳನ್ನು ಒಟ್ಟುಗೂಡಿಸಿ ಮುಚ್ಚಳವಿರುವ ಶೀಶೆಯಲ್ಲಿಡಬೇಕು.

ಆಮ್ಲ ಮೈಗೆ ತಾಗಿದರೆ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ಆಸ್ಪತ್ರೆಗೆ ಧಾವಿಸಬೇಕು. ಬೆಣ್ಣೆ, ಅರಿಶಿನ ಹಚ್ಚಬೇಡಿರೆಂದು ಆಯುರ್ವೇದ ವೈದ್ಯನಾದ ನಾನೇ ಬೇಡಿಕೊಳ್ಳುತ್ತೇನೆ.

2016ರ ನಿಯಮಗಳಂತೆ ಅಪಾಯಕಾರಿ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಕೂಡಿಡುವಂತಿಲ್ಲ. ಅಧಿಕೃತ ವಿಲೇವಾರಿ ಘಟಕಕ್ಕೆ ಒಪ್ಪಿಸಬೇಕು. ಗುಜರಿಯವರಿಗೆ ಮಾರುವುದು ವಿಲೇವಾರಿಯಲ್ಲ.

ಸದ್ಭಕ್ತರೇ, ಇಂದು ಸಂಜೆ ನಿಮ್ಮ ಮಕ್ಕಳನ್ನು ಕೇಳಿರಿ: ‘ಪ್ರಯೋಗ ಮುಗಿದಮೇಲೆ ಉಳಿದದ್ದನ್ನು ಎಲ್ಲಿ ಹಾಕುತ್ತೀರಿ? ಅದನ್ನು ಎತ್ತುವವರು ಯಾರು?’ ಉತ್ತರ ಬಾರದಿದ್ದರೆ ಕಾಲೇಜಿಗೆ ಹೋಗಿ ವಿನಯದಿಂದ ವಿಚಾರಿಸಿರಿ. ಶೀಶೆಗೆ ಅಂಟಿಸಿದ ಒಂದು ಚೀಟಿಯು ಒಬ್ಬ ತಾಯಿಯ ಕೈಯನ್ನು ಕಾಪಾಡೀತು.