ಮೂಳೆ ಕರಗಿಸುವ ಕೋಶಕ್ಕೆ ಅಪ್ಪಣೆ ಕೊಡುವವರು

ಪ್ರಯೋಗಾಲಯದ ಇಲಿಗಳಲ್ಲಿ ಹಲ್ಲು ಮೂಡದ ಒಂದು ತಳಿಯಿದೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತದೆ; ಅದು ಹೊರಬರಲು ದಾರಿ ಬಿಡಬೇಕಾದ ಮೂಳೆ ಮಾತ್ರ ಕರಗುವುದಿಲ್ಲ. ಉಳಿದ ಮೂಳೆಗಳೂ ಮಜ್ಜೆಗೆ ಜಾಗವಿಲ್ಲದಷ್ಟು ಒಳಗೆಲ್ಲ ತುಂಬಿಕೊಂಡಿರುತ್ತವೆ. ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳು ಈ ಮರಿಗಳಲ್ಲಿ ಇಲ್ಲವೆನ್ನುವಷ್ಟು ವಿರಳ.

ಮೂಳೆ ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟು ಹೊಸದಾಗುತ್ತದೆ, ಆ ಕೆಲಸ ಹಳೆಯದನ್ನು ತೆಗೆಯುವುದರಿಂದಲೇ ಶುರುವಾಗಬೇಕು. ಆಸ್ಟಿಯೋಕ್ಲಾಸ್ಟ್ ಮೂಳೆಗೆ ಅಂಟಿಕೊಂಡು, ಸುತ್ತಲಂಚನ್ನು ಬಿಗಿಯಾಗಿ ಮುಚ್ಚಿ, ಅಡಿಯಲ್ಲಿ ಆಮ್ಲ ಸುರಿಸಿ ಖನಿಜವನ್ನು ಕರಗಿಸುತ್ತದೆ. ಉಳಿದ ಕೊಲಾಜನ್ ನಾರನ್ನು ಅದರದೇ ಕಿಣ್ವ ಕತ್ತರಿಸುತ್ತದೆ. ಇಷ್ಟು ಬಲವುಳ್ಳ ಕೋಶವನ್ನು ಹಿಡಿತದಲ್ಲಿಡುವುದು ಯಾವುದು?

ಸಂಶೋಧಕ ಡೊನಾಲ್ಡ್ ವಾಕರ್ 1970ರ ದಶಕದಲ್ಲಿ, ಮೂಳೆ ಕರಗದ ಬೇರೆ ತಳಿಗಳ ಇಲಿಗಳಿಗೆ ಆರೋಗ್ಯವಂತ ಇಲಿಗಳ ಮಜ್ಜೆ ಮತ್ತು ಗುಲ್ಮದ ಕೋಶಗಳನ್ನು ಕಸಿ ಮಾಡಿ ಗುಣಪಡಿಸಿದರು. ಆಸ್ಟಿಯೋಕ್ಲಾಸ್ಟ್ ರಕ್ತಕೋಶಗಳ ವಂಶದ್ದು ಎಂಬುದಕ್ಕೆ ಅದು ಬಲವಾದ ಸಾಕ್ಷ್ಯ. ಆದರೆ ಹಲ್ಲು ಮೂಡದ ಈ ತಳಿಗೆ ಮಜ್ಜೆ ಕಸಿಯಿಂದ ಗುಣವಾಗಲಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಈ ಸೋಲಿನಲ್ಲೇ ಇದೆ: ಕೋಶಗಳಲ್ಲಿ ದೋಷವಿಲ್ಲ, ಅವು ಬೆಳೆಯಬೇಕಾದ ಜಾಗದಲ್ಲೇ ಏನೋ ಕೊರತೆಯಿದೆ. 1990ರಲ್ಲಿ ಅದು ಎಂ-ಸಿಎಸ್‌ಎಫ್ ಎಂಬ ಬೆಳವಣಿಗೆಯ ಅಂಶವೆಂದು ತಿಳಿಯಿತು. ಅದನ್ನು ಚುಚ್ಚಿದಾಗ ಆಸ್ಟಿಯೋಕ್ಲಾಸ್ಟ್‌ಗಳು ಕಾಣಿಸಿಕೊಂಡವು.

ಎಂ-ಸಿಎಸ್‌ಎಫ್ ಪೂರ್ವಜ ಕೋಶಗಳನ್ನು ಬದುಕಿಸಿ, ಹೆಚ್ಚಿಸಿ, ಮುಂದಿನ ಸಂದೇಶ ಸ್ವೀಕರಿಸಲು ಸಜ್ಜುಗೊಳಿಸುತ್ತದೆ. ಆ ಸಂದೇಶವೇ 1998ರಲ್ಲಿ ಗುರುತಿಸಲಾದ ರ‍್ಯಾಂಕ್‌ಎಲ್. ಅದು ತಗುಲಿದಾಗ ಹಲವು ಕೋಶಗಳು ಬೆಸೆದು, ಅನೇಕ ಕೋಶಕೇಂದ್ರಗಳ ಒಂದು ದೊಡ್ಡ ಆಸ್ಟಿಯೋಕ್ಲಾಸ್ಟ್ ಆಗುತ್ತದೆ. ರ‍್ಯಾಂಕ್‌ಎಲ್ ತಯಾರಿಸುವವು ಮೂಳೆ ಕಟ್ಟುವ ವಂಶದ ಕೋಶಗಳು, ಅದರಲ್ಲೂ ಮೂಳೆಯೊಳಗೆ ಹುದುಗಿರುವ ಆಸ್ಟಿಯೋಸೈಟ್‌ಗಳು. ಕರಗಿಸಲು ಅಪ್ಪಣೆ ಕೊಡುವವರು ಕಟ್ಟುವವರೇ! ತಡೆಯುವವರೂ ಅವರೇ: ಆಸ್ಟಿಯೋಪ್ರೊಟೆಜೆರಿನ್ ಎಂಬ ಪ್ರೋಟೀನನ್ನು ಸ್ರವಿಸಿ, ರ‍್ಯಾಂಕ್‌ಎಲ್ ಗುರಿ ಮುಟ್ಟುವ ಮೊದಲೇ ಹಿಡಿದುಬಿಡುತ್ತಾರೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದಾಗ ಈ ತೂಕ ರ‍್ಯಾಂಕ್‌ಎಲ್ ಕಡೆಗೆ ವಾಲುತ್ತದೆ, ಮೂಳೆ ಟೊಳ್ಳಾಗತೊಡಗುತ್ತದೆ.

ಕಟ್ಟುವಾಗ ಮೂಳೆಯೊಳಗೆ ಟಿಜಿಎಫ್-ಬೀಟಾ ಎಂಬ ಇನ್ನೊಂದು ಅಂಶವೂ ನಿಷ್ಕ್ರಿಯ ರೂಪದಲ್ಲಿ ಸೇರಿಹೋಗಿರುತ್ತದೆ. ಕರಗಿಸುವಾಗ ಅದು ಬಿಡುಗಡೆಯಾಗಿ ಎಚ್ಚರಗೊಂಡು, ಕಟ್ಟುವ ಕೋಶಗಳ ಪೂರ್ವಜರನ್ನು ಅದೇ ಜಾಗಕ್ಕೆ ಸೆಳೆಯುತ್ತದೆ. ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದಾಗ ಈ ಏರ್ಪಾಡೇ ಮುಳುವಾಗುತ್ತದೆ. ಟಿಜಿಎಫ್-ಬೀಟಾದ ಪ್ರಚೋದನೆಗೆ ಗೆಡ್ಡೆಯ ಕೋಶಗಳು ಸ್ರವಿಸುವ ಪ್ರೋಟೀನು ರ‍್ಯಾಂಕ್‌ಎಲ್ ಹೆಚ್ಚಿಸುತ್ತದೆ, ಮತ್ತಷ್ಟು ಮೂಳೆ ಕರಗುತ್ತದೆ.

ರ‍್ಯಾಂಕ್‌ಎಲ್ ತಡೆಯುವ ಡೆನೊಸುಮ್ಯಾಬ್ ಎಂಬ ಪ್ರತಿಕಾಯಕ್ಕೆ 2010ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮೂಳೆ ಸವೆತಕ್ಕೆ ಆರು ತಿಂಗಳಿಗೊಂದು ಚುಚ್ಚುಮದ್ದು. ಪರಿಣಾಮಕಾರಿ ಔಷಧಿ, ಆದರೆ ಅದನ್ನು ಏಕಾಏಕಿ ಬಿಡುವಂತಿಲ್ಲ. ತಡೆ ತೆರವಾದೊಡನೆ ಆಸ್ಟಿಯೋಕ್ಲಾಸ್ಟ್‌ಗಳು ಮೊದಲಿಗಿಂತ ಜೋರಾಗಿ ಕೆಲಸಕ್ಕಿಳಿಯುತ್ತವೆ; ಕೆಲವರಿಗೆ ಬೆನ್ನೆಲುಬಿನ ಹಲವು ಮೂಳೆಗಳು ಒಟ್ಟೊಟ್ಟಿಗೆ ಮುರಿದದ್ದುಂಟು. ನಿಲ್ಲಿಸಲೇಬೇಕಾದಾಗ ವೈದ್ಯರು ಬಿಸ್ಫಾಸ್ಫೊನೇಟ್ ವರ್ಗದ ಬೇರೊಂದು ಔಷಧಿ ಕೊಡುವುದು ಇದಕ್ಕಾಗಿಯೇ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಈ ಚುಚ್ಚುಮದ್ದು ಪಡೆಯುತ್ತಿದ್ದರೆ, ಮುಂದಿನ ತಾರೀಖನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ.