ತಿಪ್ಪೆಗೂ ಒಂದು ಜಠರಾಗ್ನಿಯುಂಟು



ಸೊಪ್ಪು ತರಕಾರಿಗಳನ್ನು ಹೆಚ್ಚು ಸೇವಿಸಿರೆಂದು ರೋಗಿಗಳಿಗೆ ಹೇಳಿದಾಗ, "ವಿಷ ಸಿಂಪಡಿಸಿದ ಪಲ್ಯ ತಿನ್ನುವುದಾದರೂ ಹೇಗೆ?" ಎಂದು ಹಲವರು ಕೇಳುತ್ತಾರೆ. ಈ ಪ್ರಶ್ನೆಯೇ ನನ್ನನ್ನು ಕಲಬುರಗಿಯ ಮನೆಯ ಹಿತ್ತಲಲ್ಲಿ ಮೆಂತ್ಯ, ಪುಂಡಿ, ರಾಜಗಿರಿ ಬೆಳೆಯಲು ಪ್ರೇರೇಪಿಸಿತು. ಗೊಬ್ಬರಕ್ಕಾಗಿ ಗುಂಡಿ ತೋಡಿ, ಅಡುಗೆಮನೆಯ ಹಸಿ ಕಸವನ್ನೆಲ್ಲ ತುಂಬಿದೆ. ದುರ್ನಾತ ಹಬ್ಬಿತು, ನೊಣಗಳು ಮುತ್ತಿದವು. ಅರೆಕೊಳೆತ ಗೊಬ್ಬರವನ್ನೇ ಅವಸರದಿಂದ ಮಡಿಗೆ ಹಾಕಿದ್ದರಿಂದ ಮೆಂತ್ಯದ ಸಸಿಗಳು ಹಳದಿಗಟ್ಟಿದವು.

ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಹಿರಿಯರೊಬ್ಬರಿಗೆ ಇದನ್ನು ತಿಳಿಸಿದಾಗ ಅವರು ನಕ್ಕರು: "ಡಾಕ್ಟರ್ ಸಾಹೇಬ್ರೆ, ಮಂದಿ ಅಜೀರ್ಣಕ್ಕ ಔಷಧ ಕೊಡ್ತೀರಿ. ನಿಮ್ಮ ತಿಪ್ಪಿಗೇ ಅಜೀರ್ಣ ಆಗ್ಯಾದ ನೋಡ್ರಿ."

ಆ ಮಾತು ಶಾಸ್ತ್ರಸಮ್ಮತವೇ ಆಗಿತ್ತು. ಮಂದಾಗ್ನಿಯೇ ರೋಗಗಳ ಮೂಲವೆಂದು ಆಯುರ್ವೇದ ಹೇಳುತ್ತದೆ. ತಿಪ್ಪೆಯೊಳಗಿನ ಸೂಕ್ಷ್ಮಜೀವಿಗಳೇ ಅದರ ಅಗ್ನಿ. ಅವಕ್ಕೆ ಆಹಾರ, ನೀರು, ಗಾಳಿ ಮೂರೂ ಹದವಾಗಿ ಬೇಕು. ನೀರು ಅತಿಯಾದರೆ ಗಾಳಿಯಿಲ್ಲದೆ ಕಸ ನಾರುತ್ತದೆ; ಒಣಗಿದರೆ ಪಚನವೇ ನಿಲ್ಲುತ್ತದೆ.

ನಮ್ಮ ಭಾಗದಲ್ಲಿ ಒಣಗುವ ಭಯವೇ ಹೆಚ್ಚು. ಆಲ್ಬರ್ಟ್ ಹೊವಾರ್ಡ್ ಅವರು 1931ರಲ್ಲಿ ಪ್ರಕಟಿಸಿದ ಇಂದೋರ್ ಪದ್ಧತಿಯಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಿ ನೀರುಣಿಸಬೇಕು. 1939ರಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ತುಂಬಿದ ಗುಂಡಿಯನ್ನು ಮಣ್ಣಿನಿಂದ ಮೆತ್ತಿ ಮುಚ್ಚಲಾಗುತ್ತದೆ. ಮಗುಚುವ ಶ್ರಮವಿಲ್ಲ, ತೇವ ಆರುವುದಿಲ್ಲ, ನೊಣಗಳೂ ಬಾರವು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಇದೇ ಹಿತ.

ಮೂರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿಯನ್ನು ನೆರಳಿನಲ್ಲಿ, ನೀರು ನಿಲ್ಲದ ಕಡೆ ತೋಡಿರಿ. ತಳದಲ್ಲಿ ತೊಗರಿ ಕಟ್ಟಿಗೆಯ ತುಂಡುಗಳನ್ನು ಹರಡಿರಿ. ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ಒಣ ಎಲೆ ಅಥವಾ ತೊಗರಿ ಹೊಟ್ಟು ಸೇರಿಸಿ, ಮೇಲೆ ಹೆಂಡಿಯ ನೀರು ಚಿಮುಕಿಸಿ, ತೆಳುವಾಗಿ ಮಣ್ಣು ಹರಡಿರಿ. ಗೊನೆ ಕಡಿದ ಬಾಳೆಯ ದಿಂಡು ಸಿಕ್ಕರೆ ಸಣ್ಣಗೆ ಕತ್ತರಿಸಿ ಹಾಕಿರಿ. ಅದರಲ್ಲಿ ನೀರೂ ಪೊಟ್ಯಾಷಿಯಂ ಸತ್ತ್ವವೂ ಹೇರಳ. ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಜಿನುಗುವಷ್ಟು ತೇವವಿರಲಿ. ಗುಂಡಿ ತುಂಬಿದ ಮೇಲೆ ಮಣ್ಣು, ಹೆಂಡಿ ಕಲಸಿ ಮೆತ್ತಿ, ಆರರಿಂದ ಎಂಟು ತಿಂಗಳು ಬಿಡಿರಿ. ಅಷ್ಟರಲ್ಲಿ ಎರಡನೆಯ ಗುಂಡಿ ತುಂಬುತ್ತಿರಲಿ.

ಎಣ್ಣೆ ಪದಾರ್ಥ, ಪ್ಲಾಸ್ಟಿಕ್, ಉಳಿದ ಮಾತ್ರೆಗಳು, ರೋಗ ಹಿಡಿದ ಗಿಡಗಳು ಬೇಡ. ಇಷ್ಟಲಿಂಗ ಪೂಜೆಯ ಪತ್ರೆ ಪುಷ್ಪಗಳನ್ನು ಚೀಲದಲ್ಲಿ ಕಟ್ಟಿ ಕೆರೆಗೆ ಎಸೆಯುವ ಬದಲು ಪ್ರತ್ಯೇಕ ಮಡಕೆಯಲ್ಲಿ ಇದೇ ರೀತಿ ಮಾಗಿಸಿ, ಹೂಗಿಡಗಳಿಗೆ ಹಾಕಬಹುದು.

ಪಕ್ವವಾದ ಗೊಬ್ಬರ ಕಪ್ಪಾಗಿ, ಉದುರಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬೀರುತ್ತದೆ. ಸಂದೇಹವಿದ್ದರೆ ಹಿಡಿ ಗೊಬ್ಬರದಲ್ಲಿ ಮೆಂತ್ಯಕಾಳು ಬಿತ್ತಿ ನೋಡಿರಿ. ವಾರದೊಳಗೆ ಚೆನ್ನಾಗಿ ಮೊಳೆತರೆ ಬಳಸಿರಿ. ಇಲ್ಲವಾದರೆ ಇನ್ನೂ ಮಾಗಬೇಕು. ಕುಂಡಕ್ಕೆ ಎರಡು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ ಸಾಕು. ಬೇಸಿಗೆಯಲ್ಲಿ ಬಿರಿಯುವ ನಮ್ಮ ಎರೆಮಣ್ಣು ಇದರಿಂದ ಸಡಿಲವಾಗುತ್ತದೆ.

ಗೊಬ್ಬರ ತೆಗೆಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಉಬ್ಬಸವುಳ್ಳವರು ಈ ಕೆಲಸವನ್ನು ಇತರರಿಗೆ ಬಿಡುವುದು ಲೇಸು. ಕೈಯಲ್ಲಿ ಗಾಯವಿದ್ದರೆ ಕೈಗವಸು ಧರಿಸಿ, ಕೊನೆಗೆ ಸಾಬೂನಿನಿಂದ ತೊಳೆಯಿರಿ.

ಮರುವರ್ಷ ನನ್ನ ಹಿತ್ತಲಿನ ಮೆಂತ್ಯ ಹಸಿರಾಗಿ ಬಂತು. ಮೊದಲ ಕಟ್ಟನ್ನು ಕಮಲಾಪುರದ ಆ ಹಿರಿಯರಿಗೆ ಒಯ್ದುಕೊಟ್ಟೆ. ಮಣ್ಣಿನಿಂದ ಪಡೆದುದನ್ನು ಮಣ್ಣಿಗೆ ಮರಳಿಸುವುದೂ ದಾಸೋಹವೇ. ಅದನ್ನು ಅರೆಬೆಂದ ಅನ್ನದಂತೆ ಬಡಿಸದಿರೋಣ.