ಪಂಜರಕ್ಕೆ ಫಿನಾಯಿಲ್ ಬೇಡ

ಫಿನಾಯಿಲ್ ವಾಸನೆ ಬಂದರೆ ಮನೆ ಶುಚಿಯಾಯಿತು ಎಂದು ನಂಬುವವರು ನಾವು. ನೆಲ ಒರೆಸಿ ಬಕೆಟ್ಟಿನಲ್ಲಿ ಉಳಿದ ನೀರನ್ನು ಬಾಲ್ಕನಿಯ ಹಕ್ಕಿ ಪಂಜರಕ್ಕೂ ಒಂದಿಷ್ಟು ಸವರಿಬಿಡುವುದುಂಟು. ನಮ್ಮ ತೋಟ, ತೋಪುಗಳ ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಈ ಪಂಜರಗಳಲ್ಲಿ ಹೆಚ್ಚಾಗಿ ಕಾಣುವುದು ಅಂಗಡಿಯವರು ಲವ್ ಬರ್ಡ್ಸ್ ಎಂದು ಮಾರುವ ಬಜ್ರಿಗರ್, ಕಾಕಟೀಲ್, ಫಿಂಚ್‌ಗಳು. ಬಜ್ರಿಗರ್ ಆಸ್ಟ್ರೇಲಿಯಾದ ಒಣನೆಲದ ಪುಟ್ಟ ಗಿಳಿ. ತೂಕ 30ರಿಂದ 40 ಗ್ರಾಂ. ನಮಗೆ ಒಂದೆರಡು ಸೀನು ತರಿಸಿ ಸುಮ್ಮನಾಗುವ ಘಾಟು ಇದರ ಜೀವಕ್ಕೇ ಎರವಾಗಬಲ್ಲದು. ಕಾರಣ ಇರುವುದು ಹಕ್ಕಿ ಉಸಿರಾಡುವ ರೀತಿಯಲ್ಲಿ.

ನಮ್ಮ ಶ್ವಾಸಕೋಶ ಉಬ್ಬುತ್ತದೆ, ಕುಗ್ಗುತ್ತದೆ. ಗಾಳಿ ಬಂದ ದಾರಿಯಲ್ಲೇ ಮರಳುತ್ತದೆ. ಒಂದಷ್ಟು ಹಳೆಯ ಗಾಳಿ ಒಳಗೇ ಉಳಿದು ಹೊಸದರೊಡನೆ ಬೆರೆಯುತ್ತದೆ. ಹಕ್ಕಿಯ ಶ್ವಾಸಕೋಶ ಬೆನ್ನಿನ ಕಡೆ ಪಕ್ಕೆಲುಬುಗಳಿಗೆ ಒತ್ತಿಕೊಂಡು ಹೆಚ್ಚುಕಡಿಮೆ ಅಲುಗದೆ ಕೂತಿರುತ್ತದೆ. ಗಾಳಿಯನ್ನು ನೂಕುವ ಕೆಲಸ ಮೈಯೊಳಗೆ ಹರಡಿಕೊಂಡ ಗಾಳಿಚೀಲಗಳದು. ಬಹುತೇಕ ಹಕ್ಕಿಗಳಲ್ಲಿ ಒಂಬತ್ತು ಚೀಲಗಳಿದ್ದು, ಕುಲುಮೆಯ ತಿದಿಯಂತೆ ಅವು ಹಿಗ್ಗಿ ಕುಗ್ಗುತ್ತವೆ. ಎಳೆದುಕೊಂಡ ಉಸಿರಿನ ಬಹುಪಾಲು ಮೊದಲು ಹಿಂದಿನ ಚೀಲಗಳಿಗೆ ಹೋಗುತ್ತದೆ. ಉಸಿರು ಬಿಟ್ಟಾಗ ಶ್ವಾಸಕೋಶಕ್ಕೆ ನುಗ್ಗುತ್ತದೆ. ಮತ್ತೊಮ್ಮೆ ಎಳೆದಾಗ ಮುಂದಿನ ಚೀಲಗಳಿಗೆ ಸರಿದು, ಎರಡನೆಯ ನಿಶ್ವಾಸದಲ್ಲಿ ಹೊರಬೀಳುತ್ತದೆ. ಹೀಗೆ ಶ್ವಾಸಕೋಶದ ನಳಿಕೆಗಳಲ್ಲಿ ಗಾಳಿ ಸದಾ ಒಂದೇ ದಿಕ್ಕಿಗೆ ಹರಿಯುತ್ತಿರುತ್ತದೆ. ಗಾಳಿಗೂ ರಕ್ತಕ್ಕೂ ನಡುವಿನ ಪೊರೆ ನಮ್ಮದಕ್ಕಿಂತ ತೆಳು. ಹಾರಾಟಕ್ಕೆ ಬೇಕಾದ ಆಮ್ಲಜನಕ ಸಿಗುವುದು ಈ ವ್ಯವಸ್ಥೆಯಿಂದ. ಆದರೆ ಗಾಳಿಯಲ್ಲಿ ವಿಷವಿದ್ದರೆ ಅದನ್ನೂ ಇದು ಅಷ್ಟೇ ಚುರುಕಾಗಿ ರಕ್ತಕ್ಕೆ ದಾಟಿಸುತ್ತದೆ.

ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಕಲ್ಲಿದ್ದಲ ಗಣಿಗಳಿಗೆ ಪುಟ್ಟ ಪ್ರಾಣಿಗಳನ್ನು ಒಯ್ಯಲು ಸಲಹೆ ಕೊಟ್ಟದ್ದು, ಅವು ವಿಷಗಾಳಿಗೆ ಮನುಷ್ಯನಿಗಿಂತ ಬೇಗ ಬಲಿಯಾಗುತ್ತವೆ ಎಂಬ ಆಧಾರದ ಮೇಲೆ. ಕಾರ್ಬನ್ ಮಾನಾಕ್ಸೈಡ್ ಸೇರಿದರೆ ಗಣಿಗಾರನಿಗಿಂತ ಮೊದಲೇ ಕ್ಯಾನರಿ ಹಕ್ಕಿ ಕುಸಿಯುತ್ತಿತ್ತು. ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಈ ಪದ್ಧತಿ ಇತ್ತು. ಇಂದಿನ ಅಡುಗೆಮನೆಯಲ್ಲಿ ಅಂಥದೇ ಅಪಾಯ ತರುವುದು ನಾನ್‌ಸ್ಟಿಕ್ ಬಾಣಲೆ. ಒಲೆಯ ಮೇಲೆ ಮರೆತು ಅದು ಅತಿಯಾಗಿ ಕಾದರೆ ಹೊರಡುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಕಪ್ಪು ಫಿನಾಯಿಲ್‌ನ ಫೀನಾಲ್‌ಗಳು, ಬಿಳಿ ಫಿನಾಯಿಲ್‌ನ ಪೈನ್ ಎಣ್ಣೆ, ನುಸಿಗುಳಿಗೆ, ರೂಮ್ ಸ್ಪ್ರೇ ಇವೆಲ್ಲ ಪಂಜರದಿಂದ ದೂರ ಇರಬೇಕಾದವು.

ಹಾಗೆಂದು ಪಂಜರವನ್ನು ಕೊಳಕಾಗಿಯೇ ಬಿಡುವಂತಿಲ್ಲ. ನವಣೆಯ ಹೊಟ್ಟು ತೇವದಲ್ಲಿ ಬಿದ್ದಿದ್ದರೆ ಆಸ್ಪರ್‌ಜಿಲಸ್ ಎಂಬ ಬೂಷ್ಟು ಬೆಳೆಯುತ್ತದೆ. ಅದರ ಬೀಜಕಣಗಳು ಗಾಳಿಚೀಲಗಳಲ್ಲಿ ಮನೆಮಾಡುತ್ತವೆ. ಗಿಳಿಜಾತಿಯ ಹಕ್ಕಿಗಳ ಹಿಕ್ಕೆಯಲ್ಲಿ ಕ್ಲಮೈಡಿಯಾ ಸಿಟ್ಟಾಸಿ ಎಂಬ ಬ್ಯಾಕ್ಟೀರಿಯಾ ಇರಬಹುದು. ಒಣಗಿ ದೂಳಾದ ಹಿಕ್ಕೆಯನ್ನು ಉಸಿರಾಡಿದ ಮನುಷ್ಯನಿಗೂ ಅದು ಸಿಟ್ಟಕೋಸಿಸ್ ಎಂಬ ಜ್ವರ ತರುತ್ತದೆ. 1929–30ರಲ್ಲಿ ದಕ್ಷಿಣ ಅಮೆರಿಕದಿಂದ ಸಾಗಿಸಿದ ಗಿಳಿಗಳ ಜೊತೆ ಈ ರೋಗ ಅಮೆರಿಕ, ಯುರೋಪ್‌ಗಳಿಗೆ ಹರಡಿ ಸಾವುಗಳನ್ನು ತಂದಿತ್ತು.

ಆದ್ದರಿಂದ ಮೊದಲ ನಿಯಮ: ಒಣ ಹಿಕ್ಕೆಯನ್ನು ಗುಡಿಸಬೇಡಿ, ಕೆರೆಯಬೇಡಿ. ಮಾಸ್ಕ್, ಕೈಗವಸು ಹಾಕಿ, ಹಕ್ಕಿಯನ್ನು ಬೇರೆ ಕೋಣೆಯ ಬೇರೆ ಪಂಜರಕ್ಕೆ ಸಾಗಿಸಿ, ಸಾಬೂನು ನೀರು ಚಿಮುಕಿಸಿ ನೆನೆಸಿ, ಆಮೇಲೆ ತೆಗೆಯಿರಿ. ತಳದ ಹಳೆ ಪೇಪರನ್ನು ಒಳಮುಖವಾಗಿ ಮಡಚಿ ಎಸೆಯಿರಿ.

ತೊಳೆಯುವುದು ಒಂದು ಕೆಲಸ, ಸೋಂಕು ತೆಗೆಯುವುದು ಇನ್ನೊಂದು. ಇವುಗಳ ಕ್ರಮ ತಿರುಗುಮುರುಗಾದರೆ ಎರಡೂ ಕೆಡುತ್ತವೆ. ಬ್ಲೀಚ್‌ನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಸೂಕ್ಷ್ಮಜೀವಿಯ ಪ್ರೋಟೀನುಗಳನ್ನು ಉತ್ಕರ್ಷಿಸಿ ಕೊಲ್ಲುತ್ತದೆ. ಆದರೆ ಹಿಕ್ಕೆ, ಕಾಳಿನ ಚೂರು ಯಾವುದು, ಸೂಕ್ಷ್ಮಜೀವಿ ಯಾವುದು ಎಂಬ ಭೇದ ಅದಕ್ಕಿಲ್ಲ. ಕೊಳೆಯ ಮೇಲೇ ಸುರಿದರೆ ಅದರ ಶಕ್ತಿಯೆಲ್ಲ ಕೊಳೆಯಲ್ಲೇ ತೀರಿಹೋಗುತ್ತದೆ. ಹಾಗಾಗಿ ಸಾಬೂನು ನೀರಿನಲ್ಲಿ ಉಜ್ಜಿ, ಚೆನ್ನಾಗಿ ತೊಳೆದ ಮೇಲಷ್ಟೇ ಬ್ಲೀಚ್. ವಾಸನೆ ಬೆರೆಸದ ಮಾಮೂಲಿ ಬ್ಲೀಚನ್ನು ಲೀಟರ್ ನೀರಿಗೆ ಸುಮಾರು 30 ಮಿಲಿಲೀಟರ್ ಬೆರೆಸಿ, ಲೋಹ, ಪ್ಲಾಸ್ಟಿಕ್ ಭಾಗಗಳು ಹತ್ತು ನಿಮಿಷ ಒದ್ದೆಯಾಗಿಯೇ ಇರುವಂತೆ ಹಚ್ಚಿಡಿ. ಹಚ್ಚಿದ ತಕ್ಷಣ ಒರೆಸಿದರೆ ಪ್ರಯೋಜನವಿಲ್ಲ. ಬಳಿಕ ಧಾರಾಳ ನೀರಿನಲ್ಲಿ ತೊಳೆದು ಬಿಸಿಲಿಗಿಡಿ. ಬೆರೆಸಿದ ದ್ರಾವಣ ದಿನ ಕಳೆದಂತೆ ಸತ್ವ ಕಳೆದುಕೊಳ್ಳುತ್ತದೆ, ಆಯಾ ದಿನಕ್ಕೆ ಹೊಸದು ಬೇಕು. ಬ್ಲೀಚ್‌ಗೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯಾ ಸೇರಿದರೆ ಕ್ಲೋರಮೈನ್ ಹುಟ್ಟುತ್ತದೆ. ಇವು ಹಕ್ಕಿಗಷ್ಟೇ ಅಲ್ಲ, ನಮಗೂ ವಿಷ.

ಮರದ ಕೋಲುಗಳು ದ್ರಾವಣವನ್ನು ಹೀರಿಕೊಳ್ಳುತ್ತವೆ. ಅವನ್ನು ಬಿಸಿನೀರಿನಲ್ಲಿ ಉಜ್ಜಿ ಒಣಗಿಸಿ. ಹಳತಾದರೆ ಸೀಬೆಯ ಹೊಸ ಕೊಂಬೆ ಕಟ್ಟಿ. ಸತುವಿನ ಲೇಪದ ತಂತಿಯಲ್ಲಿ ಬಿಳಿ ಪುಡಿ ಕಂಡರೆ ಎಚ್ಚರ. ಹಕ್ಕಿ ಸರಳು ಕಚ್ಚುತ್ತಲೇ ಇರುತ್ತದೆ; ಹೊಟ್ಟೆ ಸೇರಿದ ಸತು ವಿಷವಾಗುತ್ತದೆ. ಸಾಧ್ಯವಾದರೆ ಸ್ಟೇನ್‌ಲೆಸ್ ಸ್ಟೀಲ್ ಪಂಜರವೇ ಲೇಸು.

ನೀರು, ಕಾಳಿನ ಬಟ್ಟಲು ಮತ್ತು ತಳದ ಪೇಪರ್ ದಿನಕ್ಕೊಮ್ಮೆ, ಇಡೀ ಪಂಜರ ವಾರಕ್ಕೊಮ್ಮೆ, ಬ್ಲೀಚ್ ತಿಂಗಳಿಗೊಮ್ಮೆ ಅಥವಾ ಹಕ್ಕಿ ಕಾಯಿಲೆ ಬಿದ್ದಾಗ ಎಂಬ ಲೆಕ್ಕ ಇಟ್ಟುಕೊಂಡರೆ ಸಾಕು. ದಿನಾ ಪೇಪರ್ ಬದಲಿಸುವವರಿಗೆ ಇನ್ನೊಂದು ಲಾಭವಿದೆ: ಹಿಕ್ಕೆಯ ಬಣ್ಣ, ಪ್ರಮಾಣ ಬದಲಾದರೆ ಕೂಡಲೇ ಗೊತ್ತಾಗುತ್ತದೆ. ಕಾಯಿಲೆಯನ್ನು ಆದಷ್ಟು ಮುಚ್ಚಿಡುವುದು ಹಕ್ಕಿಗಳ ಸ್ವಭಾವ, ಹಾಗಾಗಿ ಈ ಸುಳಿವನ್ನು ಕಡೆಗಣಿಸದೆ ಪಶುವೈದ್ಯರಲ್ಲಿಗೆ ಹೋಗಿ. ನಿಮಗೇ ಜ್ವರ, ತಲೆನೋವು, ಒಣಕೆಮ್ಮು ಬಂದರೆ ಮನೆಯಲ್ಲಿ ಹಕ್ಕಿ ಸಾಕಿರುವುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಸಿಟ್ಟಕೋಸಿಸ್ ಡಾಕ್ಸಿಸೈಕ್ಲಿನ್ ಔಷಧಕ್ಕೆ ಬಗ್ಗುವ ರೋಗ. ಆದರೆ ಹಕ್ಕಿಯ ಸಂಗತಿ ಗೊತ್ತಿಲ್ಲದ ವೈದ್ಯರು ಅದನ್ನು ಮಾಮೂಲಿ ನ್ಯುಮೋನಿಯಾ ಎಂದುಕೊಳ್ಳುವ ಸಾಧ್ಯತೆಯೇ ಹೆಚ್ಚು.